ಮನೆ ಕಂಪ್ಯೂಟರಿನ ಫೈಲು ಜೋಡಿಸುವುದು: ಸಿ ಡ್ರೈವಿನಿಂದ ಪಹಣಿಯವರೆಗೆ

ಮಾವನಿಗೆ ಪಹಣಿ ಬೇಕಿತ್ತು. ಬೆಳೆಸಾಲದ ಕೆಲಸ, ಮಧ್ಯಾಹ್ನದೊಳಗೆ ಕಾಗದ ಕೊಡಬೇಕು. “ಕಂಪ್ಯೂಟರಲ್ಲಿ ಇಟ್ಟಿದ್ದೀನಿ ಅಂದಿದ್ದೆಯಲ್ಲಮ್ಮ, ಒಂದು ಪ್ರಿಂಟು ತೆಗಿ” ಅಂದರು. ಇಟ್ಟಿದ್ದು ನಿಜ. ಎಲ್ಲಿ ಅನ್ನುವುದು ಮಾತ್ರ ಗೊತ್ತಿಲ್ಲ. ಡೆಸ್ಕ್‌ಟಾಪಿನ ತುಂಬಾ ಐಕಾನು. ‘ಸ್ಕ್ಯಾನ್ 0047’, ‘ಸ್ಕ್ಯಾನ್ 0047 (1)’, ‘ನ್ಯೂ ಫೋಲ್ಡರ್ (3)’, ‘ಫೈನಲ್’, ‘ಫೈನಲ್ ಹೊಸದು’. ಒಂದೊಂದೇ ತೆರೆದು ನೋಡುತ್ತಿದ್ದೆ, ಕರೆಂಟು ಹೋಯಿತು. ಜುಲೈ ತಿಂಗಳು, ಕೊಡಗಿನ ನಾಪೋಕ್ಲು ಕಡೆಯ ಮಳೆ. ಕರೆಂಟು ವಾಪಸ್ ಬಂದದ್ದು ಮೂರನೇ ದಿನ. ಅಷ್ಟರಲ್ಲಿ ಮಾವ ಪೇಟೆಗೆ ಹೋಗಿ ಹೊಸ ಪಹಣಿ ತೆಗೆಸಿಕೊಂಡು ಬಂದಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಕಕ್ಕಡ ಅನ್ನಿ, ಆಟಿ ಅನ್ನಿ, ತೋಟಕ್ಕೆ ಇಳಿಯಲಾಗದ ತಿಂಗಳು ಅದು. ಮದ್ದು ಸೊಪ್ಪಿನ ಪಾಯಸ ತಿಂದುಕೊಂಡು ಮನೆಯಲ್ಲಿ ಕೂರುವುದು. ಆ ತಿಂಗಳಲ್ಲೇ ಕೂತು ಇಡೀ ಕಂಪ್ಯೂಟರನ್ನು ಜೋಡಿಸಿದೆ. ಹೇಗೆ ಅಂತ ಮೊದಲಿನಿಂದ ಹೇಳುತ್ತೇನೆ. ಹೆಚ್ಚಿನದು ವಿಂಡೋಸ್ 10 ಮತ್ತು 11ಕ್ಕೆ ಅನ್ವಯ. ವಿಂಡೋಸ್ ಬದಲು ಲಿನಕ್ಸ್ ಇರುವವರಿಗೂ ನಡುವೆ ನಾಲ್ಕು ಮಾತು ಇದೆ.

ನಾನು ಹಿಡಿದ ಸೂತ್ರ ಒಂದೇ. ಫೋಲ್ಡರಿನ ಹೆಸರು, ಹುಡುಕುವಾಗ ಮನೆಯವರ ಬಾಯಲ್ಲಿ ಬರುವ ಮಾತೇ ಆಗಿರಬೇಕು. “ಪಿಡಿಎಫ್ ಎಲ್ಲಿದೆ” ಅಂತ ನಮ್ಮ ಮಾವ ಯಾವತ್ತೂ ಕೇಳಿಲ್ಲ. “ಜಾಗದ ಕಾಗದ ಎಲ್ಲಿ” ಅಂತ ಕೇಳುತ್ತಾರೆ. ಹಾಗಾದರೆ ಫೋಲ್ಡರಿನ ಹೆಸರು ‘ಜಾಗ’.

1. ಕೈ ಹಾಕುವ ಮೊದಲು ಒಂದು ನಕಲು

ಹೊರಗಿನಿಂದ ಚುಚ್ಚುವ ಹಾರ್ಡ್ ಡಿಸ್ಕ್ ಒಂದನ್ನು ತನ್ನಿ. ಸಿ ಡ್ರೈವಿನಲ್ಲಿ ‘ಯೂಸರ್ಸ್’ ಅಂತ ಫೋಲ್ಡರ್ ಇದೆ, ಅದರೊಳಗೆ ನಿಮ್ಮ ಹೆಸರಿನದು. ಅದರಲ್ಲಿರುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವೀಡಿಯೋಸ್ ಐದನ್ನೂ ಡಿಸ್ಕಿಗೆ ಕಾಪಿ ಮಾಡಿ. ಡಿ ಡ್ರೈವಿನಲ್ಲಿ ನಿಮ್ಮದೇನಾದರೂ ಇದ್ದರೆ ಅದನ್ನೂ ಮಾಡಿ. ಜೋಡಿಸುವಾಗ ಏನಾದರೂ ಕೈತಪ್ಪಿದರೆ ಇಲ್ಲಿಂದ ತೆಗೆದುಕೊಳ್ಳಬಹುದು.

ನಮ್ಮ ಕಡೆಯವರು ಒಂದು ವಿಷಯ ಗಮನದಲ್ಲಿ ಇಟ್ಟುಕೊಳ್ಳಬೇಕು. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಕಟ್-ಪೇಸ್ಟ್ ಮಾಡಿದಾಗ ಕಂಪ್ಯೂಟರು ಮೊದಲು ಕಾಪಿ ಮಾಡಿ, ಆಮೇಲೆ ಹಳೆಯದನ್ನು ಅಳಿಸುತ್ತದೆ. ಮಧ್ಯೆ ಕರೆಂಟು ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯಾವುದು ಬಂತು, ಯಾವುದು ಉಳಿಯಿತು ಅಂತ ತಲೆ ಕೆಡುತ್ತದೆ. ಹಾಗಾಗಿ ಕಟ್ ಬೇಡ, ಕಾಪಿ ಮಾಡಿ. ಎರಡೂ ಕಡೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ಫೈಲುಗಳ ಸಂಖ್ಯೆ, ಒಟ್ಟು ಸೈಜು ಎರಡೂ ಒಂದೇ ಇದ್ದರೆ ಆಮೇಲೆ ಹಳೆಯದನ್ನು ಅಳಿಸಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಮಳೆಗಾಲದಲ್ಲಿ ಈ ಕೆಲಸ ಮಾಡಲೇಬೇಡಿ. ಏಪ್ರಿಲ್-ಮೇ ಗುಡುಗಿನ ಸಂಜೆಗಳಲ್ಲಂತೂ ಪ್ಲಗ್ಗನ್ನೇ ಕಿತ್ತಿಡಿ.

2. ಮುಟ್ಟಬಾರದ ಜಾಗಗಳು

ಜೋಡಿಸುವ ಹುರುಪಿನಲ್ಲಿ ಎಲ್ಲರೂ ಮಾಡುವ ತಪ್ಪು ಇಲ್ಲೇ ಇದೆ. ನಾನೂ ಮಾಡಿದ್ದೇನೆ. ಸಿ ಡ್ರೈವ್ ಕೆಂಪು ತೋರಿಸುತ್ತಿತ್ತು. ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ತೋಟದ ಲೆಕ್ಕದ ಸಾಫ್ಟ್‌ವೇರಿನ ಫೋಲ್ಡರು ಕಾಣಿಸಿತು. ಡಿ ಡ್ರೈವಿನಲ್ಲಿ ಜಾಗ ಬೇಕಾದಷ್ಟಿದೆ, ಅಲ್ಲಿಗೆ ಎಳೆದು ಹಾಕಿದೆ. ಮರುದಿನ ಐಕಾನ್ ಒತ್ತಿದರೆ ಏನೂ ತೆರೆಯಲಿಲ್ಲ. ವಾಪಸ್ ಎಳೆದರೂ ಸರಿಯಾಗಲಿಲ್ಲ, ಲೈಸೆನ್ಸ್ ಮತ್ತೆ ಕೇಳಿತು. ಆ ವಾರ ಆಳುಗಳ ಸಂಬಳವನ್ನು ನೋಟ್‌ಬುಕ್ಕಿನಲ್ಲೇ ಲೆಕ್ಕ ಹಾಕಿ ಕೊಟ್ಟೆವು.

ಕಾರಣ ಇಷ್ಟೇ. ಸಾಫ್ಟ್‌ವೇರ್ ಹಾಕುವಾಗ ತಾನು ಎಲ್ಲಿದ್ದೇನೆ ಅನ್ನುವುದನ್ನು ವಿಂಡೋಸಿನ ರಿಜಿಸ್ಟ್ರಿ ಅನ್ನುವ ದಾಖಲೆ ಪುಸ್ತಕದಲ್ಲಿ ಬರೆಸಿರುತ್ತದೆ. ನಾವು ಫೋಲ್ಡರ್ ಎಳೆದ ಮಾತ್ರಕ್ಕೆ ಆ ವಿಳಾಸ ಬದಲಾಗುವುದಿಲ್ಲ. ಗೋಡೆಯ ಮೇಲೆ ಚೆಂದ ಕಾಣಲ್ಲ ಅಂತ ಮೀಟರ್ ಬೋರ್ಡನ್ನು ಕಿತ್ತು ಕಪಾಟಿನೊಳಗೆ ಇಡುತ್ತೇವಾ? ಇದೂ ಹಾಗೇ.

ಸಿ ಡ್ರೈವಿನಲ್ಲಿ ಕೈ ಹಾಕಬಾರದವು ಇವು. ‘ವಿಂಡೋಸ್’ ಫೋಲ್ಡರ್ ಮತ್ತು ಅದರೊಳಗಿನ ಎಲ್ಲವೂ. ‘ಪ್ರೋಗ್ರಾಮ್ ಫೈಲ್ಸ್’, ಅದರ ಪಕ್ಕದಲ್ಲೇ ಎಕ್ಸ್86 ಅಂತ ಬಾಲ ಇರುವ ಇನ್ನೊಂದು. ಮುಚ್ಚಿಟ್ಟಿರುವ ‘ಪ್ರೋಗ್ರಾಮ್ ಡೇಟಾ’. ನಿಮ್ಮ ಹೆಸರಿನ ಫೋಲ್ಡರಿನೊಳಗೆ ಮುಚ್ಚಿಟ್ಟಿರುವ ‘ಆಪ್ ಡೇಟಾ’. ಮುಚ್ಚಿಟ್ಟವನ್ನು ಸುಮ್ನೆ ಮುಚ್ಚಿಟ್ಟಿಲ್ಲ.

‘ವಿಂಡೋಸ್’ ಒಳಗಿನ ‘ವಿನ್‌ಎಸ್‌ಎಕ್ಸ್‌ಎಸ್’ ಫೋಲ್ಡರ್ ನೋಡಿ ಗಾಬರಿಯಾಗುವವರು ಬಹಳ. ಅಷ್ಟೊಂದು ಜಿಬಿ ತೋರಿಸುತ್ತದೆ. ನಿಜವಾಗಿ ಅಷ್ಟು ಇರುವುದಿಲ್ಲ. ಒಂದೇ ಫೈಲು ಎರಡು ಹೆಸರಿನಲ್ಲಿ ಎರಡು ಕಡೆ ಕಾಣಿಸುವ ಹಾಗೆ ಜೋಡಿಸಿರುತ್ತಾರೆ, ಎಕ್ಸ್‌ಪ್ಲೋರರ್ ಅದನ್ನು ಎರಡು ಸಲ ಎಣಿಸುತ್ತದೆ. ಅಳಿಸಲು ಹೋಗಬೇಡಿ.

ಜಾಗ ಬೇಕಾದರೆ ಸೆಟ್ಟಿಂಗ್ಸ್ ತೆರೆದು, ‘ಸಿಸ್ಟಮ್’, ಅದರಲ್ಲಿ ‘ಸ್ಟೋರೇಜ್’, ಅದರಲ್ಲಿ ‘ಟೆಂಪೊರರಿ ಫೈಲ್ಸ್’. ಬೇಡದ್ದನ್ನು ವಿಂಡೋಸೇ ಪಟ್ಟಿ ಮಾಡಿ ಕೊಡುತ್ತದೆ. ಅಪ್‌ಡೇಟಿನ ಕಸ, ರೀಸೈಕಲ್ ಬಿನ್, ಇಂಥವಕ್ಕೆ ಗುರುತು ಹಾಕಿ ತೆಗೆಯಿರಿ. ಆದರೆ ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕಿದಿರೋ, ಇಳಿಸಿಕೊಂಡ ಬಿಲ್ಲು, ಮಾರ್ಕ್ಸ್ ಕಾರ್ಡು, ರಸೀದಿ ಎಲ್ಲಾ ಹೋಯಿತು. ವಿಂಡೋಸನ್ನು ದೊಡ್ಡದಾಗಿ ಅಪ್‌ಡೇಟ್ ಮಾಡಿದ ಮೇಲೆ ‘ವಿಂಡೋಸ್ ಡಾಟ್ ಓಲ್ಡ್’ ಅಂತ ಒಂದು ಫೋಲ್ಡರ್ ಬರುತ್ತದೆ. ಅದು ಸಾಮಾನ್ಯವಾಗಿ 10 ದಿನ ಇದ್ದು ತಾನೇ ಹೋಗುತ್ತದೆ. ಹಳೆಯ ವಿಂಡೋಸಿಗೆ ಮರಳುವ ದಾರಿ ಅದೇ ಆದ್ದರಿಂದ ಅವಸರ ಮಾಡಬೇಡಿ.

ಸಾಫ್ಟ್‌ವೇರನ್ನು ಡಿ ಡ್ರೈವಿಗೆ ಒಯ್ಯಲೇಬೇಕು ಅಂದರೆ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಹಾಕುವಾಗ ಡಿ ಡ್ರೈವನ್ನು ತೋರಿಸಿ. ಲೆಕ್ಕದ ಸಾಫ್ಟ್‌ವೇರಿನಲ್ಲಿ ನಿಮಗೆ ಬೇಕಾದದ್ದು ಸಾಫ್ಟ್‌ವೇರಲ್ಲ, ಅದರೊಳಗಿನ ಡೇಟಾ. ಅದು ಎಲ್ಲಿ ಕೂತಿದೆ ಅಂತ ಆ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲೇ ನೋಡಿ, ಅಲ್ಲಿಂದಲೇ ಬದಲಾಯಿಸಿ. ಬ್ಯಾಕಪ್ ಅಂತ ಗುಂಡಿ ಇದ್ದರೆ ಅದನ್ನು ಒತ್ತಿ, ಬಂದ ಫೈಲನ್ನು ನಿಮ್ಮ ಫೋಲ್ಡರಿನಲ್ಲಿ ಇಡಿ.

ಲಿನಕ್ಸಿನವರಿಗೆ ಈ ತಲೆನೋವು ಕಡಿಮೆ. ಯಾವ ಫೈಲು ಎಲ್ಲಿ ಅಂತ 1994ರಲ್ಲೇ ಒಂದು ಒಪ್ಪಂದ ಬಂತು. ಈಗಲೂ ಹೆಚ್ಚುಕಡಿಮೆ ಅದರಂತೆಯೇ ನಡೆಯುತ್ತದೆ. ‘/ಇಟಿಸಿ’ಯಲ್ಲಿ ಸೆಟ್ಟಿಂಗ್, ‘/ಯುಎಸ್‌ಆರ್’ನಲ್ಲಿ ಪ್ರೋಗ್ರಾಮ್, ‘/ವಾರ್’ನಲ್ಲಿ ದಿನವೂ ಬದಲಾಗುವ ಲಾಗ್ ಇತ್ಯಾದಿ, ‘/ಹೋಮ್’ನಲ್ಲಿ ನೀವು. ಮೊದಲ ಮೂರನ್ನು ಕೈಯಿಂದ ಜೋಡಿಸಬೇಡಿ. ನೀವೇ ಕಟ್ಟಿ ಹಾಕುವ ಸಾಫ್ಟ್‌ವೇರಿಗೆ ಅಂತಲೇ ‘/ಯುಎಸ್‌ಆರ್/ಲೋಕಲ್’ ಇದೆ, ಅಲ್ಲಿ ಹಾಕಿ. ಹೊಸದಾಗಿ ಲಿನಕ್ಸ್ ಹಾಕುವಾಗ ‘/ಹೋಮ್’ಗೆ ಬೇರೆ ಪಾರ್ಟಿಶನ್ (ಡಿಸ್ಕಿನಲ್ಲೇ ಬೇರೆ ಭಾಗ) ಕೊಟ್ಟರೆ, ಮುಂದೆ ಸಿಸ್ಟಮ್ ಪೂರ್ತಿ ಬದಲಾಯಿಸಿದರೂ ನಿಮ್ಮದು ಹಾಗೇ ಉಳಿಯುತ್ತದೆ. ಮುಂದೆ ಹೇಳುವ ಫೋಲ್ಡರ್ ಮರವನ್ನು ನಿಮ್ಮ ಹೋಮಿನೊಳಗೆ ಮಾಡಿಕೊಳ್ಳಿ, ಅಷ್ಟೇ.

3. ಮನೆ ಅಂತ ಒಂದು ಫೋಲ್ಡರ್

ಡಿ ಡ್ರೈವ್ ಇದ್ದರೆ ಅಲ್ಲಿ, ಇಲ್ಲದಿದ್ದರೆ ಡಾಕ್ಯುಮೆಂಟ್ಸ್ ಒಳಗೆ, ‘ಮನೆ’ ಅಂತ ಒಂದೇ ಒಂದು ಫೋಲ್ಡರ್ ಮಾಡಿ. ನಿಮ್ಮದೆಲ್ಲಾ ಇದರೊಳಗೆ. ಇದರಿಂದ ಹೊರಗೆ ಇರುವುದೆಲ್ಲಾ ಕಂಪ್ಯೂಟರಿನದು. ನಮ್ಮ ಮನೆಯಲ್ಲಿ ಈಗ ಹೀಗಿದೆ:

ಮನೆ
— 00 ಬಂದದ್ದು
— 10 ಜಾಗ
— 20 ತೋಟ
— 30 ಮನೆಮಂದಿ
— 40 ದುಡ್ಡು
— 50 ಫೋಟೋ
— 60 ಊರು
— 90 ಹಳೇದು

ಮುಂದಿನ ಅಂಕಿ ಯಾಕೆ ಅಂದರೆ, ಇಲ್ಲದಿದ್ದರೆ ಕಂಪ್ಯೂಟರು ಅಕಾರಾದಿಯಲ್ಲಿ ನಿಲ್ಲಿಸುತ್ತದೆ. ‘ಊರು’ ಮೊದಲು, ‘ಹಳೇದು’ ಕೊನೆಗೆ, ದಿನಾ ಬೇಕಾದ ‘ತೋಟ’ ಮಧ್ಯೆ ಎಲ್ಲೋ. ಅಂಕಿ ಇದ್ದರೆ ನಾವು ಹೇಳಿದ ಸಾಲಿನಲ್ಲಿ ನಿಲ್ಲುತ್ತವೆ. ಹತ್ತು ಹತ್ತರ ಅಂತರ ಬಿಟ್ಟಿದ್ದು, ಮಧ್ಯೆ ಹೊಸದು ಸೇರಿಸಬೇಕಾದರೆ ಇರಲಿ ಅಂತ. ಕನ್ನಡ ಅಂಕಿ, ಇಂಗ್ಲಿಷ್ ಅಂಕಿ ಎರಡನ್ನೂ ಬೆರೆಸಬೇಡಿ, ಯಾವುದಾದರೂ ಒಂದು.

ವಿಂಡೋಸಿನ ‘ಡಾಕ್ಯುಮೆಂಟ್ಸ್’ ಅನ್ನೇ ಡಿ ಡ್ರೈವಿಗೆ ಒಯ್ಯಲೂ ದಾರಿ ಇದೆ. ಅದರ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಲೊಕೇಶನ್’, ‘ಮೂವ್’. ಆದರೆ ಡಿ ಡ್ರೈವಿನ ಬಾಗಿಲಲ್ಲೇ ತಂದು ಬಿಡಬೇಡಿ, ಅಲ್ಲಿ ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿ. ಬರೀ ಡಿ ಡ್ರೈವನ್ನೇ ತೋರಿಸಿದರೆ ಮುಂದೆ ವಾಪಸ್ ಮಾಡುವುದು ದೊಡ್ಡ ರಗಳೆ. ಒನ್‌ಡ್ರೈವ್ ಬ್ಯಾಕಪ್ (ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗಕ್ಕೆ ತಾನೇ ಕಾಪಿ ಆಗುವುದು) ಆನ್ ಇದ್ದರೆ ಮೊದಲು ಅದನ್ನು ನಿಲ್ಲಿಸಬೇಕು, ಯಾಕೆಂದರೆ ಆಗ ನಿಮ್ಮ ಡಾಕ್ಯುಮೆಂಟ್ಸ್ ಒನ್‌ಡ್ರೈವಿನ ಫೋಲ್ಡರಿನೊಳಗೇ ಕೂತಿರುತ್ತದೆ. ಇಷ್ಟೆಲ್ಲಾ ಬೇಡ ಅನಿಸಿದರೆ ಬಿಡಿ. ‘ಮನೆ’ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕ್ವಿಕ್ ಆಕ್ಸೆಸ್ಸಿಗೆ ಪಿನ್ ಮಾಡಿದರೆ ಎಡಗಡೆ ಪಟ್ಟಿಯಲ್ಲಿ ಸದಾ ಕಾಣುತ್ತದೆ. ನಾನು ಮಾಡಿದ್ದು ಇದನ್ನೇ.

4. ಜಾಗ

ಕೊಡಗಿನ ಜಾಗದ ಕಾಗದ ಅಂದರೆ ಸುಲಭ ಅಲ್ಲ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜಮ್ಮಾ ಗದ್ದೆ, ಅಂದರೆ ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಹಿಡುವಳಿ, ಅದಕ್ಕೆ ಸೇರಿದ ಕಾಡು-ಮೇವಿನ ಜಾಗವಾದ ಬಾಣೆ, ಪಹಣಿಯಲ್ಲಿ ಕುಟುಂಬದ ಹಿರಿಯರಾದ ಪಟ್ಟೇದಾರರ ಜೊತೆ ಕುಟುಂಬದವರ ಸಾಲು ಸಾಲು ಹೆಸರು. ಮೊದಲು ನಾನು ‘ಮಾವ’, ‘ಚಿಕ್ಕಮಾವ’ ಅಂತ ಜನರ ಹೆಸರಿನಲ್ಲಿ ಫೋಲ್ಡರ್ ಮಾಡಿದ್ದೆ. ಒಂದೇ ಪಹಣಿಯಲ್ಲಿ ಇಬ್ಬರೂ ಇದ್ದಾರೆ, ಯಾರದ್ದರಲ್ಲಿ ಹಾಕುವುದು? ಈಗ ಸರ್ವೆ ನಂಬರಿನ ಮೇಲೆ ಮಾಡಿದ್ದೇನೆ. ಜನ ಬದಲಾದರೂ ಆ ಗದ್ದೆ ಅಲ್ಲೇ ಇರುತ್ತದಲ್ಲ.

ಇಲ್ಲಿ ಒಂದು ಸಣ್ಣ ಮುಳ್ಳು. 45/2 ಅಂತ ಹೆಸರು ಕೊಡಲು ಹೋದರೆ ವಿಂಡೋಸ್ ಬಿಡುವುದಿಲ್ಲ. ಓರೆ ಗೆರೆ ಅಂದರೆ ಅದಕ್ಕೆ ಫೋಲ್ಡರಿನೊಳಗಿನ ಫೋಲ್ಡರ್ ಅಂತ ಅರ್ಥ. ಹೆಸರಿನಲ್ಲಿ \ / : * ? " < > | ಇವು ಯಾವುವೂ ಬರಬಾರದು. ಹಾಗಾಗಿ 45-2. ಆದರೆ ಬರೀ ಅಂಕಿಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮಾವ “ಹೊಳೆಕರೆ ಗದ್ದೆ” ಅನ್ನುತ್ತಾರೆ, “ನಲವತ್ತೈದರ ಎರಡು” ಅನ್ನುವುದಿಲ್ಲ. ಅದಕ್ಕೇ ಎರಡನ್ನೂ ಸೇರಿಸಿದೆ: ‘ಹೊಳೆಕರೆ ಗದ್ದೆ 45-2’. ಒಳಗೆ ಪಹಣಿ, ಸರ್ವೆ ಸ್ಕೆಚ್, ಮ್ಯುಟೇಶನ್ (ಹಕ್ಕು ಬದಲಾವಣೆಯ ಕಾಗದ), ಕಂದಾಯದ ರಸೀದಿ. ವಂಶವೃಕ್ಷ ಎಲ್ಲದಕ್ಕೂ ಸೇರಿದ್ದು, ಅದು ‘ಜಾಗ’ದಲ್ಲೇ ಹೊರಗೆ.

ಒಂದು ಫೋಲ್ಡರಿನಲ್ಲಿ ನಾಲ್ಕು ಫೈಲು ಇರುವಾಗ ಒಳಗೆ ಇನ್ನೊಂದು ಫೋಲ್ಡರ್ ಮಾಡಬೇಡಿ. ‘ಮನೆ’ಯಿಂದ ಮೂರು ಸಲ ಒತ್ತುವಷ್ಟರಲ್ಲಿ ಫೈಲು ಕೈಗೆ ಸಿಗಬೇಕು. ಜಾಸ್ತಿ ಆಳಕ್ಕೆ ಹೋದರೆ ಬೇರೆ ತೊಂದರೆಯೂ ಇದೆ. ಡ್ರೈವಿನ ಹೆಸರಿನಿಂದ ಫೈಲಿನ ಹೆಸರಿನವರೆಗೆ ಒಟ್ಟು ಸುಮಾರು 260 ಅಕ್ಷರ ದಾಟಿದರೆ ವಿಂಡೋಸಿನ ಎಷ್ಟೋ ಸಾಫ್ಟ್‌ವೇರುಗಳು ಆ ಫೈಲನ್ನು ತೆರೆಯುವುದಿಲ್ಲ. ಕನ್ನಡದಲ್ಲಿ ‘ತೋ’ ಅನ್ನುವುದು ನಮಗೆ ಒಂದಕ್ಷರ, ಕಂಪ್ಯೂಟರಿಗೆ ಎರಡು. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಗುರುತಿಗೆ ಮೂರು ಬೈಟ್. ಅಂದರೆ 85ಕ್ಕೆ ಮುಗಿಯಿತು.

5. ತೋಟ, ಮತ್ತು ವರ್ಷ ಯಾವಾಗ ಶುರು ಅನ್ನುವ ಜಗಳ

ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಈ ಫೋಲ್ಡರ್. ವರ್ಷಕ್ಕೊಂದು ಫೋಲ್ಡರ್ ಅಂತ ಶುರು ಮಾಡಿದೆ. ‘2024’, ‘2025’. ನಮ್ಮದು ಕಾಫಿ ತೋಟ, ಡಿಸೆಂಬರಿನಲ್ಲಿ ಅರೇಬಿಕಾ ಕುಯ್ಲು, ಜನವರಿ ದಾಟಿ ರೊಬಸ್ಟಾ ಕುಯ್ಲು. ಕುಯ್ದ ಕೂಲಿಯನ್ನು ದಿನಾ ಬರೆಯುವ ಚೆಕ್‌ರೋಲ್ ಅರ್ಧ ಒಂದು ಫೋಲ್ಡರಿನಲ್ಲಿ, ಅರ್ಧ ಇನ್ನೊಂದರಲ್ಲಿ. ಸರಿ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದ ವರ್ಷ ಇಟ್ಟುಕೊಳ್ಳೋಣ ಅಂದುಕೊಂಡೆ. ಕುಯ್ಲು ಒಟ್ಟಿಗೆ ಬಂತು. ಆದರೆ ಚೆರ್ರಿಯನ್ನು, ಅಂದರೆ ಕುಯ್ದ ಕಾಫಿ ಹಣ್ಣನ್ನು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ, ರೇಟು ಬರಲಿ ಅಂತ ಕಾದು ಜೂನಿನಲ್ಲಿ ಕೊಟ್ಟರೆ ಮಾರಿದ ಬಿಲ್ಲು ಮುಂದಿನ ವರ್ಷಕ್ಕೆ ಹೋಗುತ್ತದೆ. ಆ ಕಾಫಿಗೆ ಎಷ್ಟು ಖರ್ಚಾಯಿತು, ಎಷ್ಟು ಬಂತು ಅಂತ ಒಂದೇ ಕಡೆ ಕಾಣುವುದೇ ಇಲ್ಲ.

ಕಾಫಿಯವರಿಗೆ ಅವರದ್ದೇ ವರ್ಷ ಇದೆ, ಅಕ್ಟೋಬರಿನಿಂದ ಸೆಪ್ಟೆಂಬರ್. ಮನೆಯಲ್ಲೂ “ಈ ಸಲದ ಬೆಳೆ”, “ಹೋದ ಬೆಳೆ” ಅಂತಲೇ ಮಾತಾಡುತ್ತೇವೆ. ಹಾಗಾಗಿ ‘ಬೆಳೆ 2024-25’, ‘ಬೆಳೆ 2025-26’. ಚೆಕ್‌ರೋಲ್, ಗೊಬ್ಬರದ ಬಿಲ್ಲು, ಸ್ಪ್ರಿಂಕ್ಲರಿನ ಡೀಸೆಲ್, ಎಷ್ಟು ಚೆರ್ರಿಗೆ ಎಷ್ಟು ಬೇಳೆ ಬಂತು ಅನ್ನುವ ಔಟ್‌ಟರ್ನ್ ಚೀಟಿ, 50 ಕೆಜಿ ಮೂಟೆಯ ಲೆಕ್ಕದಲ್ಲಿ ಬಂದ ಮಾರಾಟದ ಬಿಲ್ಲು, ಎಲ್ಲಾ ಆ ಬೆಳೆಯ ಫೋಲ್ಡರಿನಲ್ಲಿ. ಬಳ್ಳಿಯ ಕಾಳುಮೆಣಸೂ ಅದರಲ್ಲೇ, ಅದಕ್ಕೆ ಬೇರೆ ಮಾಡಿದರೆ ಒಂದೇ ಆಳಿನ ಕೂಲಿಯನ್ನು ಎರಡು ಭಾಗ ಮಾಡಬೇಕಾಗುತ್ತದೆ.

ತೆರಿಗೆಗೆ ಏಪ್ರಿಲ್-ಮಾರ್ಚ್ ಬೇಕಲ್ಲ? ಅದಕ್ಕೆ ‘ದುಡ್ಡು’ ಫೋಲ್ಡರಿನಲ್ಲಿ ‘ತೆರಿಗೆ 2024-25’. ಮಾರಾಟದ ಬಿಲ್ಲಿನ ಒಂದು ಕಾಪಿ ಅಲ್ಲಿಗೂ ಹಾಕುತ್ತೇನೆ. ಒಂದು ಫೈಲಿಗೆ ಒಂದೇ ಜಾಗ ಅಂತ ಜೋಡಿಸುವವರೆಲ್ಲಾ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಒಮ್ಮೆ ಆದ ಬಿಲ್ಲು ಮತ್ತೆ ಬದಲಾಗುವುದಿಲ್ಲ. ಅದರ ಎರಡು ಕಾಪಿ ಇದ್ದರೆ ಏನೂ ಕೆಡುವುದಿಲ್ಲ. ದಿನಾ ತಿದ್ದುವ ಎಕ್ಸೆಲ್ ಶೀಟು ಮಾತ್ರ ಎರಡು ಕಡೆ ಇರಲೇಬಾರದು. ಯಾವುದು ಹೊಸದು ಅಂತ ಆರು ತಿಂಗಳ ಮೇಲೆ ಹೇಳಲು ನಿಮಗೇ ಆಗುವುದಿಲ್ಲ.

ಮಳೆ ಲೆಕ್ಕಕ್ಕೆ ಈ ಯಾವ ವರ್ಷವೂ ಅಲ್ಲ. ಇಲ್ಲಿ ಮಳೆಯನ್ನು ಜನವರಿ 1ರಿಂದ ಎಣಿಸುತ್ತಾರೆ, ಇಂಚು-ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು). ಬೆಳಗ್ಗೆ ಮಾವ ಅಳತೆಗ್ಲಾಸು ನೋಡಿ “ಒಂದು ಇಂಚು ಮೂವತ್ತೈದು” ಅಂದರೆ ನಾನು 1.35 ಅಂತ ಹಾಕುತ್ತೇನೆ. ಇದಕ್ಕೆ ವರ್ಷದ ಫೋಲ್ಡರೇ ಬೇಡ. ‘ಮಳೆ’ ಅಂತ ಒಂದೇ ಎಕ್ಸೆಲ್ ಫೈಲು, ವರ್ಷಕ್ಕೊಂದು ಹಾಳೆ. “ಹೋದ ವರ್ಷ ಹೂಮಳೆ ಯಾವಾಗ ಬಂತು” ಅಂತ ಫೆಬ್ರವರಿಯಲ್ಲಿ ಕೇಳಿಯೇ ಕೇಳುತ್ತಾರೆ, ಕಾಫಿ ಹೂ ಅರಳಿಸುವ ಮಳೆ ಅದು. ಆಗ ಎರಡು ಹಾಳೆ ಪಕ್ಕ ಪಕ್ಕ ನೋಡಬೇಕು. ಮಾವನ ಹಳೆಯ ಮಳೆ ಡೈರಿಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಅದರ ಪಕ್ಕದಲ್ಲೇ ಇಟ್ಟಿದ್ದೇನೆ. ಹಾಳೆಯ ಅಂಚನ್ನು ಗೆದ್ದಲು ತಿಂದಿತ್ತು, ಇನ್ನೂ ಎರಡು ಮಳೆಗಾಲ ಬಿಟ್ಟಿದ್ದರೆ ಅಷ್ಟೇ.

6. ಫೈಲಿಗೆ ಹೆಸರು

ತಾರೀಖು ಮೊದಲು, ವರ್ಷ-ತಿಂಗಳು-ದಿನ. ‘2025-06-12 ಗೊಬ್ಬರ ಬಿಲ್ಲು’. 12-06-2025 ಅಂತ ಬರೆದರೆ ಎಲ್ಲಾ ತಿಂಗಳುಗಳ 12ನೇ ತಾರೀಖು ಒಟ್ಟಿಗೆ ಬಂದು ಕೂರುತ್ತದೆ. ವರ್ಷ ಮೊದಲು ಬಂದರೆ ಹೆಸರಿನ ಪ್ರಕಾರ ಸಾಲು ಮಾಡಿದಾಗ ತಾರೀಖಿನ ಪ್ರಕಾರವೂ ಸಾಲಾಗುತ್ತದೆ. 6 ಅಲ್ಲ, 06. ‘ಫೈನಲ್’ ಅನ್ನುವ ಪದವನ್ನು ಮನೆಯಿಂದ ಗಡೀಪಾರು ಮಾಡಿ.

ಕನ್ನಡದಲ್ಲಿ ಹೆಸರಿಡಿ, ಧೈರ್ಯವಾಗಿ. ವಿಂಡೋಸಿಗೂ ಫೋನಿಗೂ ಏನೂ ತೊಂದರೆಯಿಲ್ಲ. ಆದರೆ ಮೂರು ಎಚ್ಚರಿಕೆ ಬೇಕು.

ಕಾಗುಣಿತ ಒಂದೇ ಇರಲಿ. ನಮ್ಮಲ್ಲಿ ಗೋಣಿಕೊಪ್ಪ, ಗೋಣಿಕೊಪ್ಪಲು ಎರಡೂ ಉಂಟು. ವಿರಾಜಪೇಟೆ, ವೀರಾಜಪೇಟೆ ಎರಡೂ ಉಂಟು. ನೀವು ಒಂದನ್ನು ಬರೆದು ಇನ್ನೊಂದನ್ನು ಹುಡುಕಿದರೆ ಸಿಗದೇ ಹೋಗುತ್ತದೆ.

‘ಬಿಲ್’ ಅಂತ ಅರ್ಧಾಕ್ಷರದಲ್ಲಿ ಮುಗಿಯುವ ಪದ ಬರೆಯುವಾಗ ಕೆಲವು ಕೀಬೋರ್ಡುಗಳು ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುತ್ತವೆ. ಎರಡು ಫೋಲ್ಡರ್, ಎರಡರ ಹೆಸರೂ ‘ಬಿಲ್’, ಪಕ್ಕ ಪಕ್ಕ ಕೂತಿರುವುದನ್ನು ನೋಡಿ ನಾನು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ. ಅದಕ್ಕೇ ‘ಬಿಲ್ಲು’ ಅಂತ ಬರೆಯುತ್ತೇನೆ. ಆರ್‌ಟಿಸಿ ಬದಲು ಪಹಣಿ. ಮನೆಮಾತಿನ ಪದ ಇಲ್ಲೂ ಗೆಲ್ಲುತ್ತದೆ ನೋಡಿ.

ಮೂರನೆಯದು ಅರ್ಜಿ ಹಾಕುವ ವೆಬ್‌ಸೈಟುಗಳದ್ದು. ಕನ್ನಡ ಹೆಸರಿನ ಫೈಲನ್ನು ತೆಗೆದುಕೊಳ್ಳದೆ ವಾಪಸ್ ತಳ್ಳಿದ್ದು ನನಗೆ ಆಗಿದೆ. ಆಗ ಒಂದು ಕಾಪಿ ಮಾಡಿ, ಇಂಗ್ಲಿಷಿನಲ್ಲಿ ಚಿಕ್ಕ ಹೆಸರು ಕೊಟ್ಟು ಹಾಕಿ, ಕೆಲಸ ಆದ ಮೇಲೆ ಆ ಕಾಪಿಯನ್ನು ಅಳಿಸಿ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಕಾಗದಗಳಿದ್ದರೆ, ಈಗ ಎಲ್ಲಾ ಕಡೆ ಬಳಸುವ ಯೂನಿಕೋಡ್ ಅಲ್ಲದವು, ಅವುಗಳೊಳಗಿನ ಪದಗಳು ಹುಡುಕಿದರೆ ಸಿಗುವುದಿಲ್ಲ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತವೆ. ಮುಖ್ಯವಾದವನ್ನು ಒಂದು ಸಲ ಪಿಡಿಎಫ್ ಮಾಡಿ ಇಟ್ಟುಬಿಡಿ.

7. ಹಳೆಯ ರಾಶಿ

ಈಗ ಡೆಸ್ಕ್‌ಟಾಪ್, ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಸಾವಿರ ಫೈಲು ಏನು ಮಾಡುವುದು? ಒಂದೊಂದೇ ತೆರೆದು ನೋಡಿ ಜೋಡಿಸಲು ಕೂತರೆ ಎರಡನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಎಲ್ಲವನ್ನೂ ಬಾಚಿ ‘90 ಹಳೇದು’ ಒಳಗೆ ‘2025-07 ಡೆಸ್ಕ್‌ಟಾಪ್’ ಅಂತ ಒಂದು ಫೋಲ್ಡರ್ ಮಾಡಿ ಹಾಕಿ. ಐಕಾನಿನ ಮೂಲೆಯಲ್ಲಿ ಬಾಣದ ಗುರುತಿದ್ದರೆ ಅದು ಬರೀ ಶಾರ್ಟ್‌ಕಟ್, ಅವನ್ನು ಬಿಡಿ. ಮುಂದೆ ಏನಾದರೂ ಬೇಕಾದಾಗ ಈ ರಾಶಿಯಿಂದ ತೆಗೆದು, ಹೆಸರು ಸರಿ ಮಾಡಿ, ಸರಿಯಾದ ಫೋಲ್ಡರಿನಲ್ಲಿ ಇಡಿ. ನಮ್ಮ ಮನೆಯಲ್ಲಿ ಒಂದು ವರ್ಷದಲ್ಲಿ ಆ ರಾಶಿಯಿಂದ ಹೊರಗೆ ಬಂದದ್ದು ಅರವತ್ತು-ಎಪ್ಪತ್ತು ಫೈಲು, ಅಷ್ಟೇ.

ಶಾರ್ಟ್‌ಕಟ್ ಬಗ್ಗೆ ಹೇಳಲೇಬೇಕು. ಒಮ್ಮೆ ಪೆನ್‌ಡ್ರೈವಿಗೆ ಫೈಲು ಹಾಕಿಕೊಂಡು, ಮಳೆಯಲ್ಲಿ ಕೊಡೆ ಹಿಡಿದು, ಪೇಟೆಯ ಪ್ರಿಂಟು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒತ್ತಿ ನೋಡಿದ. “ಅಕ್ಕಾ, ಇದರಲ್ಲಿ ಫೈಲೇ ಇಲ್ಲ, ಬರೀ ದಾರಿ ಇದೆ” ಅಂದ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಕಾಪಿ ಮಾಡಿಕೊಂಡು ಹೋಗಿದ್ದೆ. ಬಾಣ ನೋಡಿ ಕಾಪಿ ಮಾಡಿ.

‘00 ಬಂದದ್ದು’ ಇರುವುದು ಇನ್ನು ಮುಂದೆ ಬರುವುದಕ್ಕೆ. ಬ್ರೌಸರಿನ ಸೆಟ್ಟಿಂಗಿನಲ್ಲಿ ಡೌನ್‌ಲೋಡ್ ಆಗುವ ಜಾಗವನ್ನು ಈ ಫೋಲ್ಡರಿಗೆ ತಿರುಗಿಸಿ. ಸ್ಕ್ಯಾನರಿಗೂ ಇದನ್ನೇ ತೋರಿಸಿ. ಸಂತೆಯಿಂದ ಬಂದ ಮೇಲೆ ತರಕಾರಿ ಚೀಲ ಖಾಲಿ ಮಾಡುತ್ತೀವಲ್ಲ, ವಾರಕ್ಕೊಮ್ಮೆ ಹಾಗೆ ಇದನ್ನೂ ಖಾಲಿ ಮಾಡಿ. ಹತ್ತು ನಿಮಿಷದ ಕೆಲಸ.

8. ಫೋಟೋ

ವರ್ಷ, ಅದರೊಳಗೆ ‘2024-12 ಪುತ್ತರಿ’, ‘2025-05 ತಮ್ಮನ ಮದುವೆ’ ಅಂತ ಮಾಡಿದರೆ ಸಾಕು (ಪುತ್ತರಿ ನಮ್ಮ ಕಡೆಯ ಸುಗ್ಗಿ ಹಬ್ಬ). ವಾಟ್ಸಾಪ್ ಫೋಟೋಗಳನ್ನು ಬೇರೆ ಇಡಿ. ಕಳಿಸುವಾಗಲೇ ಕುಗ್ಗಿ ಬಂದಿರುತ್ತವೆ, ಫೋಟೋದೊಳಗಿನ ತಾರೀಖೂ ಹೋಗಿರುತ್ತದೆ, ಹೆಸರಿನಲ್ಲಿರುವ ತಾರೀಖು ಮಾತ್ರ ಗತಿ. ಗುಡ್ ಮಾರ್ನಿಂಗ್ ಹೂವುಗಳನ್ನು ಫೋನಿನಲ್ಲೇ ಅಳಿಸಿ ತನ್ನಿ.

9. ಸಾಫ್ಟ್‌ವೇರಿನ ಪೆಟ್ಟಿಗೆ

ಇದು ‘ಮನೆ’ಯ ಹೊರಗೆ, ಡಿ ಡ್ರೈವಿನಲ್ಲಿ ಬೇರೆಯೇ ಒಂದು ಫೋಲ್ಡರ್. ಇದಕ್ಕೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ ಹೆಸರಿಡಿ. ಹಳೆಯ ಕೆಲವು ಸಾಫ್ಟ್‌ವೇರುಗಳು ಕನ್ನಡ ಹೆಸರಿನ ಫೋಲ್ಡರಿನಿಂದ ಏಳುವುದಿಲ್ಲ. ಪ್ರಿಂಟರಿನ ಡ್ರೈವರ್ (ಅದನ್ನು ಕಂಪ್ಯೂಟರು ಗುರುತಿಸಲು ಬೇಕಾದ ಸಾಫ್ಟ್‌ವೇರ್), ಸ್ಕ್ಯಾನರಿನದು, ಲೆಕ್ಕದ ಸಾಫ್ಟ್‌ವೇರಿನ ಸೆಟಪ್ ಫೈಲು, ಹಳೆಯ ಕನ್ನಡ ಫಾಂಟುಗಳು, ಲೈಸೆನ್ಸ್ ನಂಬರುಗಳನ್ನು ಬರೆದ ಒಂದು ಪುಟ ಇಲ್ಲಿರಲಿ. ಒಂದೇ ಸಾಫ್ಟ್‌ವೇರಿನ ಐದು ಆವೃತ್ತಿ ಬೇಡ. ಹೊಸದು ಒಂದು, ಅದರ ಹಿಂದಿನದು ಒಂದು ಸಾಕು.

ವೈಫೈ ಮತ್ತು ಲ್ಯಾನ್ ಡ್ರೈವರನ್ನು ಮರೆಯದೆ ಇಡಿ, ಒಂದು ಪೆನ್‌ಡ್ರೈವಿಗೂ ಹಾಕಿ. ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಬಿರುಮಳೆಗೆ ಟವರೂ ಕೈಕೊಟ್ಟಿರುವಾಗ ಫೋನಿನಿಂದಲೂ ಆಗುವುದಿಲ್ಲ.

10. ಇನ್ನೊಂದು ಕಡೆ ಒಂದು ಕಾಪಿ

ಎಲ್ಲಾ ಒಂದೇ ‘ಮನೆ’ ಫೋಲ್ಡರಿನಲ್ಲಿ ಇದ್ದುದರ ಲಾಭ ಈಗ. ಬ್ಯಾಕಪ್ ಅಂದರೆ ಆ ಒಂದು ಫೋಲ್ಡರನ್ನು ಕಾಪಿ ಮಾಡುವುದು. ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ‘ಮನೆ 2025-08-01’ ಅಂತ ಹೆಸರು ಕೊಟ್ಟು ಹಾಕಿ, ಕೊನೆಯ ಮೂರನ್ನು ಉಳಿಸಿ, ಅದಕ್ಕಿಂತ ಹಳೆಯದನ್ನು ಅಳಿಸಿ. ಡಿ ಡ್ರೈವಿನಲ್ಲಿ ಇನ್ನೊಂದು ಕಾಪಿ ಇದೆ ಅಂತ ನೆಮ್ಮದಿ ಪಡಬೇಡಿ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗ, ಕೆಟ್ಟರೆ ಒಟ್ಟಿಗೇ ಕೆಡುತ್ತವೆ.

ಡಿಸ್ಕನ್ನು ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ನಮ್ಮದು.

ಇನ್ನೊಂದು ಡಿಸ್ಕ್ ಮೈಸೂರಿನಲ್ಲಿ ನಾದಿನಿ ಮನೆಯಲ್ಲಿದೆ. ವರ್ಷಕ್ಕೆ ಎರಡು ಸಲ ಅದಲುಬದಲು ಮಾಡುತ್ತೇವೆ. ಅತಿಯಾಯಿತು ಅನಿಸಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರಿಗೆ ಆಮೇಲೆ ಎಲ್ಲಾ ಕಡೆ ಕೇಳಿದ್ದು ಕಾಗದವನ್ನೇ. ಪಹಣಿಯನ್ನು ಮತ್ತೆ ತೆಗೆಸಬಹುದು. ಮಾವನ ಮಳೆ ಡೈರಿಯನ್ನು ಯಾವ ಕಚೇರಿಯೂ ಕೊಡುವುದಿಲ್ಲ. ಆಧಾರ್, ಪಾಸ್‌ಬುಕ್ ಎಲ್ಲಾ ಇರುವ ಡಿಸ್ಕ್ ಮನೆಯಿಂದ ಹೊರಗೆ ಹೋಗುವಾಗ ಪಾಸ್‌ವರ್ಡ್ ಹಾಕಿ ಬೀಗ ಜಡಿದಿರಲಿ. ವಿಂಡೋಸ್ ಪ್ರೋ ಇದ್ದರೆ ಈ ಬೀಗ ಹಾಕುವ ಬಿಟ್‌ಲಾಕರ್ ಅದರಲ್ಲೇ ಇದೆ.

11. ಕಪಾಟಿನ ಬಾಗಿಲಿಗೆ ಒಂದು ಹಾಳೆ

ಕೊನೆಯ ಕೆಲಸ. ಮೇಲಿನ ಫೋಲ್ಡರ್ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ, ಯಾವುದರಲ್ಲಿ ಏನಿದೆ ಅಂತ ಒಂದೊಂದು ಸಾಲು ಬರೆದು, ಕಂಪ್ಯೂಟರಿನ ಪಕ್ಕದ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ. ಪಾಸ್‌ವರ್ಡ್ ಅದರಲ್ಲಿ ಬರೆಯಬೇಡಿ. ನೀವು ಊರಲ್ಲಿ ಇಲ್ಲದಾಗ ಮನೆಯವರು ಫೋನ್ ಮಾಡದೆಯೇ ಹುಡುಕಿಕೊಳ್ಳಬೇಕು.

ನಾನು ಅಂಟಿಸಿದ ವಾರದೊಳಗೆ ನಮ್ಮ ಹಾಳೆಯ ಕೆಳಗೆ ನೀಲಿ ಪೆನ್ನಿನಲ್ಲಿ ಮಾವನ ಅಕ್ಷರ: “ಕೋವಿ ಕಾಗದ ಎಲ್ಲಿ?” ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಪತ್ರವನ್ನು ‘ಜಾಗ’ದಲ್ಲಿ ಇಟ್ಟಿದ್ದೆ, ಜಮ್ಮಾ ಹಿಡುವಳಿಯ ಮೇಲೆ ಬಂದದ್ದು ಅಂತ. ಅತ್ತೆ ‘ಮನೆಮಂದಿ’ಯಲ್ಲಿ ಹುಡುಕಿದರಂತೆ, ಮಾವನ ಹೆಸರಿನಲ್ಲಿ ಇದೆ ಅಂತ. ಮಾವ ಎರಡರಲ್ಲೂ ಹುಡುಕಿರಲಿಲ್ಲ. ಈಗ ‘70 ಕೋವಿ’ ಅಂತ ಬೇರೆಯೇ ಒಂದು ಫೋಲ್ಡರ್ ಇದೆ. ಒಳಗೆ ಇರುವುದು ಒಂದೇ ಫೈಲು.